ಉಗಿದು ಸುಮ್ಮನಿದ್ದದ್ದು

ನಾನು ಮಾಡುವ ಕೆಲಸವನ್ನು ನಾರಾವಿಯ ನಮ್ಮ ಮನೆಯಲ್ಲಿ ಹಲವು ವರ್ಷ ಮುಚ್ಚಿಟ್ಟಿದ್ದೆ. ಪೂರ್ತಿ ಸುಳ್ಳು ಹೇಳಿದೆ ಎನ್ನುವ ಹಾಗಿಲ್ಲ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತೇನೆಂದು ಎಲ್ಲರಿಗೂ ಗೊತ್ತಿತ್ತು. ಪಾಠ ಎಂಥದ್ದು ಎಂದು ಯಾರಾದರೂ ಕೇಳಿದರೆ ಮೇಜು ಜೋಡಿಸುವುದು, ಅತಿಥಿಗಳನ್ನು ಮಾತನಾಡಿಸುವುದು ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಅದಕ್ಕೂ ಮೊದಲು ಮುಂಬಯಿಯ ದೊಡ್ಡ ಹೋಟೆಲೊಂದರಲ್ಲಿ ಎಂಟು ವರ್ಷ ವೈನ್ ರುಚಿ ನೋಡುವುದೇ ನನ್ನ ಕೆಲಸವಾಗಿತ್ತು. ಅದರಲ್ಲೂ ಹತ್ತಿಪ್ಪತ್ತು ವರ್ಷ ಇಟ್ಟ ಕೆಂಪು ವೈನ್. ಯಾವ ಬಾಟಲಿಯಲ್ಲಿ ಇನ್ನೂ ಜೀವ ಇದೆ, ಯಾವುದು ಸತ್ತಿದೆ ಎಂದು ಹೇಳುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಇದನ್ನು ಮನೆಯ ಜಗಲಿಯಲ್ಲಿ ಕೂತು ಹೇಳುವ ಧೈರ್ಯ ಮಾತ್ರ ನನಗಿರಲಿಲ್ಲ.

ಕಾರಣ ನನ್ನ ಸೋದರಮಾವ. ನಮ್ಮ ಕಡೆ ಮನೆಯಲ್ಲಿ ಮಾವನ ಮಾತೇ ಕೊನೆಯ ಮಾತು. ನನ್ನ ಅಪ್ಪ ಕುಡಿದು ಕುಡಿದೇ ತೀರಿಕೊಂಡವರು. ಅವರು ರಸ್ತೆಬದಿಯಲ್ಲಿ ಬಿದ್ದಿದ್ದಾರೆಂದು ಯಾರಾದರೂ ಬಂದು ಹೇಳಿದರೆ, ಜೀಪು ತೆಗೆದುಕೊಂಡು ಹೋಗಿ ಎತ್ತಿ ತರುತ್ತಿದ್ದವರು ಈ ಮಾವ. ಅವರು ಒಂದು ಹನಿ ಮುಟ್ಟಿದವರಲ್ಲ. ಅಂಥವರ ಮುಂದೆ ನಿಂತು, ಮಾವ, ನಾನು ಬದುಕುವುದು ವೈನ್ ನೆಕ್ಕಿ ಎಂದು ಹೇಗೆ ಹೇಳಲಿ?

ತಮಾಷೆಯೆಂದರೆ ಈ ವಿದ್ಯೆಯ ಬುನಾದಿ ಹಾಕಿಕೊಟ್ಟವರೂ ಅವರೇ. ಮಾವ ಅಡಿಕೆ ವ್ಯಾಪಾರಿ. ಹೊಸ ಅಡಿಕೆಗಿಂತ ವರ್ಷ ಎರಡು ವರ್ಷ ಕೂಡಿಟ್ಟ ಹಳೆ ಅಡಿಕೆಗೆ ಬೆಲೆ ಹೆಚ್ಚು, ಒಗರು ಇಳಿದು ಅದಕ್ಕೊಂದು ಹದ ಬಂದಿರುತ್ತದೆ. ಆ ಹದವನ್ನು ಮಾವ ಹಲ್ಲಿನಲ್ಲಿ ಕಂಡುಹಿಡಿಯುತ್ತಾರೆ. ಅರ್ಧ ಅಡಿಕೆ ಬಾಯಿಗೆ ಹಾಕಿ ನಾಲ್ಕು ಸಲ ಜಗಿದು ಪೀಕದಾನಿಗೆ ಉಗಿದು, ಬಾಯಿ ಒರೆಸಿಕೊಳ್ಳುವ ಮೊದಲೇ ದರ ಹೇಳಿಬಿಡುತ್ತಾರೆ. ಮಾಲು ಕೆಟ್ಟಿದ್ದರೆ? ಬೆಳೆದವನ ಮನೆಯಲ್ಲೇ ಕೂತು ನಿನ್ನ ಮಾಲು ಕೆಟ್ಟಿದೆ ಎನ್ನುವುದು ಮರ್ಯಾದೆಯಲ್ಲ. ಆಗ ಮಾವ ಉಗಿದು ಸುಮ್ಮನಿರುತ್ತಾರೆ. ಅಷ್ಟಾದ ಮೇಲೆ ದರದ ಮಾತಿಲ್ಲ, ಮಳೆಯ ಮಾತು, ಮಕ್ಕಳ ಮಾತು. ಅವರಿಗೆ ಅಡಿಕೆ ಕೊಡುವ ಎಲ್ಲರಿಗೂ ಈ ಕ್ರಮ ಗೊತ್ತು. ಚಿಕ್ಕಂದಿನಿಂದ ಅವರ ಜೊತೆ ತಿರುಗಿದ ನನಗಂತೂ ಅದು ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಇದನ್ನು ಇಲ್ಲಿ ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನನಗೆ ತಿಳಿದಿರಲಿಲ್ಲ ಎಂಬ ನೆಪ ನನಗಿಲ್ಲ.

ಹೋದ ವರ್ಷ ಮಾರ್ಚ್‌ನಲ್ಲಿ ಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಮಡಂತ್ಯಾರಿನ ಹತ್ತಿರ ಒಂದು ಮನೆಗೆ ಹೋಗಿದ್ದೆ. ಕ್ರಿಶ್ಚಿಯನ್ ಕೃಷಿಕರ ಮನೆ. ಯಜಮಾನರಿಗೆ ಅರವತ್ತೈದು ದಾಟಿರಬೇಕು, ಹೆಂಡತಿ ತೀರಿಕೊಂಡು ಏಳು ವರ್ಷವಾಗಿತ್ತು. ಅವರ ಒಬ್ಬಳೇ ಮಗಳು ನಮ್ಮ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಈಸ್ಟರ್ ಕಳೆದ ಮೇಲೆ ಅವಳ ಮದುವೆ ಎಂದು ಗೊತ್ತಾಗಿತ್ತು. ಮಾವ ಬರುತ್ತಾರೆಂದು ಜಗಲಿಯಲ್ಲಿ ಹಿತ್ತಾಳೆಯ ಪೀಕದಾನಿ ತೊಳೆದಿಟ್ಟಿದ್ದರು. ಮಾವ ಅಡಿಕೆ ಜಗಿದರು, ಉಗಿದರು, ದರ ಹೇಳಿದರು. ವ್ಯಾಪಾರ ಐದು ನಿಮಿಷದಲ್ಲಿ ಮುಗಿಯಿತು.

ಎದ್ದು ಹೊರಡುವ ಹೊತ್ತಿಗೆ ಯಜಮಾನರು ನನ್ನ ಕಡೆ ತಿರುಗಿದರು. ಮಾವನ ಜೊತೆ ತುಳುವಿನಲ್ಲಿ ಸಲೀಸಾಗಿ ಮಾತಾಡುತ್ತಿದ್ದವರು ಮಗಳ ಮೇಷ್ಟ್ರೆಂದು ನನ್ನೊಡನೆ ಮಾತ್ರ ಕನ್ನಡಕ್ಕೆ ಹೊರಳುತ್ತಿದ್ದರು.

"ಸರ್, ನಿಮ್ಮಿಂದ ಒಂದು ಉಪಕಾರ ಆಗಬೇಕಿತ್ತು. ವೈನಿನ ವಿಷಯದಲ್ಲಿ ನಿಮ್ಮಷ್ಟು ತಿಳಿದವರು ಈ ಸುತ್ತಿನಲ್ಲಿ ಇಲ್ಲ ಅಂತ ಮಗಳು ಹೇಳ್ತಾಳೆ. ಬೊಂಬಾಯಿಯಲ್ಲಿ ಅದೇ ಕೆಲಸದಲ್ಲಿದ್ರಂತೆ."

ನಾನು ಮಾವನನ್ನು ನೋಡಿದೆ. ಮಾವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

ಯಜಮಾನರು ಒಳಗಿನಿಂದ ಒಂದು ಬಾಟಲಿಯನ್ನೂ ಚಿಕ್ಕ ಗಾಜಿನ ಲೋಟವನ್ನೂ ತಂದರು. ಬಾಟಲಿಯ ಬಾಯಿಗೆ ಮೇಣ ಮೆತ್ತಿತ್ತು. ಅದು ಅವರ ಹೆಂಡತಿ ತೀರಿಕೊಳ್ಳುವ ಮುಂಚಿನ ಕ್ರಿಸ್ಮಸ್‌ಗೆ ಭರಣಿಯಲ್ಲಿ ದ್ರಾಕ್ಷಿ ಹಾಕಿ ಮಾಡಿದ ವೈನ್. ಆಕೆಯ ಕೈಯದರಲ್ಲಿ ಉಳಿದದ್ದು ಎರಡೇ ಬಾಟಲಿ.

"ಮದುವೆಯ ಟೋಸ್ಟಿಗೆ, ಎಲ್ಲರೂ ಲೋಟ ಎತ್ತಿ ಹರಸುವಾಗ, ಇದನ್ನೇ ಕೊಡುವ ಅಂತ ನನ್ನ ಆಸೆ. ಅಮ್ಮ ಇಲ್ಲದಿದ್ದರೂ ಅಮ್ಮನ ಕೈಯದ್ದು ಇರ್ತದೆ, ಅಲ್ವಾ? ಆದರೆ ಏಳು ವರ್ಷ ಆಯ್ತು, ಒಳಗೆ ಎಂತ ಆಗಿದೆಯೋ. ಅಷ್ಟು ಜನರ ಮುಂದೆ ಅವಳ ಹೆಸರು ಕೆಡಬಾರದು. ನಮಗೆ ಈಗ ತಪಸ್ಸಿನ ಕಾಲ, ಈಸ್ಟರ್ ವರೆಗೆ ನಾನು ಬಾಯಿಗೆ ಹಾಕುವುದಿಲ್ಲ. ಒಂದು ನೀವು ನೋಡಿ ಹೇಳಿ. ಇನ್ನೊಂದು ಮದುವೆಗೆ."

ಎರಡರಲ್ಲಿ ಒಂದನ್ನು ನನ್ನ ನಾಲಿಗೆಗಾಗಿ ಒಡೆಯುತ್ತಿದ್ದರು. ಬೇಡ, ಇದು ನನ್ನಿಂದಾಗದು ಎನ್ನಬಹುದಿತ್ತು. ಎನ್ನಲಿಲ್ಲ. ಅವರು ಚೂರಿಯಿಂದ ಮೇಣ ಕೆರೆದು ಬಾಟಲಿ ತೆರೆದು ಬಗ್ಗಿಸಿದರು. ನಾನು ಲೋಟವನ್ನು ಅವರ ಬಿಳಿ ಪಂಚೆಯ ಎದುರು ಓರೆ ಹಿಡಿದೆ. ನಡುವೆ ಗಾಢ ಕೆಂಪು, ಅಂಚಿನಲ್ಲಿ ಹಳೆಯ ಇಟ್ಟಿಗೆಯ ಬಣ್ಣ. ಮನೆಯಲ್ಲಿ ಮಾಡುವ ವೈನ್ ಸಕ್ಕರೆ ಪಾಕದಂತಿರುತ್ತದೆ, ವರ್ಷ ಕಳೆದರೆ ಹುಳಿ ನೀರು ಎಂದುಕೊಂಡಿದ್ದ ನನಗೆ ಆ ಬಣ್ಣ ನೋಡಿಯೇ ಆಶ್ಚರ್ಯ. ಮೂಗಿಗೆ ಹಿಡಿದೆ. ಒಣಗಿಸಿದ ಪುನರ್ಪುಳಿ ಹಣ್ಣಿನ ಹುಳಿ ಸಿಪ್ಪೆ, ಅದರ ಹಿಂದೆ ಲವಂಗ. ಒಂದು ಗುಟುಕು ಬಾಯಿಗೆ ತೆಗೆದುಕೊಂಡೆ.

ಚೆನ್ನಾಗಿತ್ತು. ಒಂದು ಕ್ಷಣಕ್ಕೇ ತಿಳಿಯಿತು. ಮಡಂತ್ಯಾರಿನ ಒಬ್ಬ ಹೆಂಗಸು ಭರಣಿಯಲ್ಲಿ ಮಾಡಿಟ್ಟದ್ದು ಏಳು ವರ್ಷ ಬದುಕಿ ಉಳಿದಿತ್ತು.

ಅದೇ ಕ್ಷಣದಲ್ಲಿ ಮಾವ ತಲೆ ಎತ್ತಿ ನನ್ನನ್ನು ನೋಡಿದರು.

ನಾನು ಬಗ್ಗಿ ಪೀಕದಾನಿಗೆ ಉಗಿದೆ.

ವೃತ್ತಿಯವರು ಉಗಿಯುತ್ತಾರೆ, ಅದು ನಿಜ. ಆಮೇಲೆ ನನಗೆ ನಾನೇ ಇದನ್ನು ನೂರು ಸಲ ಹೇಳಿಕೊಂಡೆ. ಕಾರು ಬೇರೆ ಓಡಿಸಬೇಕಿತ್ತು ಎಂದೂ ಸೇರಿಸಿಕೊಂಡೆ. ಆದರೆ ಉಗಿಯುವುದು ಒಂದೇ ದಿನ ಮೂವತ್ತು ನಲವತ್ತು ಬಗೆಯ ರುಚಿ ನೋಡುವಾಗ, ತಲೆ ಸ್ಥಿಮಿತದಲ್ಲಿರಲಿ ಎಂದು. ಅಪರೂಪದ ಹಳೆ ಬಾಟಲಿಯೊಂದನ್ನು ನಿಮಗಾಗಿ ತೆರೆದರೆ ಮುಂಬಯಿಯಲ್ಲೂ ಯಾರೂ ಉಗಿಯುವುದಿಲ್ಲ. ನನಗೆ ಕಲಿಸಿದವರು ಅಂಥದ್ದನ್ನು ಕಣ್ಣು ಮುಚ್ಚಿ ನುಂಗುತ್ತಿದ್ದರು. ನಾನು ಉಗಿದದ್ದು ವೃತ್ತಿಯಿಂದಲ್ಲ, ಹೆದರಿಕೆಯಿಂದ. ನೋಡಿ ಮಾವ, ನಾನು ಕುಡಿಯುವವನಲ್ಲ ಎಂದು ತೋರಿಸಲಿಕ್ಕೆ.

ಉಗಿದ ಮೇಲಾದರೂ ಬಾಯಿ ಬಿಡಬಹುದಿತ್ತು. ಚೆನ್ನಾಗಿದೆ ಎಂಬ ಒಂದು ಮಾತು ಸಾಕಿತ್ತು. ಆದರೆ ವೈನಿನ ಗುಣ ಇಷ್ಟು ಚೆನ್ನಾಗಿ ಬಲ್ಲೆ ಎಂದು ಮಾವನ ಎದುರು ಒಪ್ಪಿಕೊಂಡಂತಾಗುತ್ತದಲ್ಲ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ನಾನು ಬಾಯಿ ಒರೆಸಿಕೊಂಡು, "ಈ ಸಲ ಸೆಕೆ ಜಾಸ್ತಿ ಅಲ್ವಾ" ಎಂದೆ.

ಅಡಿಕೆ ಬೆಳೆಯುವ ಮನುಷ್ಯ ಅವರು. ಮಾವ ಉಗಿಯುವುದನ್ನು ಅದೆಷ್ಟು ವರ್ಷ ನೋಡಿದವರು. ಉಗಿದು ಸೆಕೆಯ ಮಾತೆತ್ತಿದರೆ ಏನರ್ಥ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹೌದು ಸರ್, ಜಾಸ್ತಿ ಉಂಟು" ಎಂದರು. ಬಾಟಲಿಗೆ ಬಿರಡೆ ಒತ್ತಿ ಒಳಗೆ ತೆಗೆದುಕೊಂಡು ಹೋದರು. ಹಿಂದಿರುಗಿ ಬಂದು ನಗುತ್ತಲೇ ನಮ್ಮನ್ನು ಕಳುಹಿಸಿಕೊಟ್ಟರು.

ಕಾರು ಬೆಳ್ತಂಗಡಿಯ ರಸ್ತೆ ಹಿಡಿಯಿತು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಕಡೆಗೆ ಮಾವ ಕೇಳಿದರು, "ಅದು ಹಾಳಾಗಿತ್ತಾ?"

"ಇಲ್ಲ ಮಾವ. ಒಳ್ಳೆದಿತ್ತು."

"ಮತ್ತೆ ಯಾಕೆ ಉಗಿದು ಸುಮ್ಮನೆ ಕೂತದ್ದು?"

ನಾನು ಗೇರ್ ಬದಲಾಯಿಸಿದೆ.

"ನನಗೆ ಹೆದರಿಯಾ?" ಎಂದರು. ನನ್ನ ಉತ್ತರಕ್ಕೆ ಕಾಯಲಿಲ್ಲ. "ನಾನು ಕುಡಿಯುವುದಿಲ್ಲ, ಅದು ನನ್ನ ಕಷ್ಟ ಮಾರಾಯ. ನೀನು ಬೊಂಬಾಯಿಯಲ್ಲಿ ಎಂತ ಮಾಡ್ತಿದ್ದೆ ಅಂತ ನನಗೆ ಯಾವಾಗಲೋ ಗೊತ್ತುಂಟು. ನಾನು ಕೇಳಿದ್ದೇನಾ? ಒಳ್ಳೆ ಮಾಲನ್ನು ಕೆಟ್ಟದ್ದು ಅಂತ ತೋರಿಸಿ ಬರುವ ಬುದ್ಧಿ ನಾನು ನಿನಗೆ ಕಲಿಸಿಲ್ಲ. ನಾಳೆಯೇ ಹೋಗಿ ಹೇಳು."

ಇಷ್ಟು ವರ್ಷ ಯಾರಿಗಾಗಿ ಮುಚ್ಚಿಟ್ಟಿದ್ದೆನೋ ಅವರಿಗೆ ಎಲ್ಲ ಗೊತ್ತಿತ್ತು. ಇಂಗು ತಿಂದ ಮಂಗನಂತೆ ಸ್ಟೇರಿಂಗ್ ಹಿಡಿದು ಕೂತೆ. ಕಾರು ತಿರುಗಿಸಿದ್ದರೆ ಹತ್ತೇ ನಿಮಿಷದ ದಾರಿ. ತಿರುಗಿಸಲಿಲ್ಲ. ಮರುದಿನ ಪರೀಕ್ಷೆಯ ಮೇಲ್ವಿಚಾರಣೆ ಇತ್ತು. ಅದರ ಮರುದಿನ ಏನಿತ್ತೋ ನೆನಪಿಲ್ಲ, ಏನೂ ಇರಲಿಲ್ಲವೆಂದು ಕಾಣುತ್ತದೆ. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಒಂದು ವಾರ, ಮದುವೆಯ ಓಡಾಟದಲ್ಲಿರುವವರಿಗೆ ತೊಂದರೆ ಬೇಡ ಎಂದು ಇನ್ನೊಂದು ವಾರ. ಒಂದು ಬಾಟಲಿ ಹೇಗೂ ಉಳಿದಿದೆಯಲ್ಲ, ಮದುವೆಗೆ ಮುಂಚೆ ಹೇಳಿದರಾಯಿತು ಎಂದುಕೊಂಡೆ. ಮಾವ ಎರಡು ಸಲ ಕೇಳಿದರು. ಎರಡು ಸಲವೂ ಹೋಗ್ತೇನೆ ಎಂದೆ. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು, ಅದು ಬೈಗುಳಕ್ಕಿಂತ ಕಡೆಯಾಗಿತ್ತು.

ಮದುವೆಯ ಸತ್ಕಾರ ಬಂಟ್ವಾಳದ ಒಂದು ಸಭಾಂಗಣದಲ್ಲಿ. ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಟೋಸ್ಟಿನ ಸಮಯಕ್ಕೆ ಮೇಜಿನಿಂದ ಮೇಜಿಗೆ ಚಿಕ್ಕ ಲೋಟಗಳು ಬಂದವು. ನನ್ನದನ್ನು ಮೂಸಿ ನೋಡುವ ಅಗತ್ಯವೇ ಇರಲಿಲ್ಲ, ಬಣ್ಣ ಹಾಕಿದ ಅಂಗಡಿಯ ವೈನ್. ಎಲ್ಲರೂ ಎದ್ದು ಲೋಟ ಎತ್ತಿದರು. ಆ ದಿನ ನಾನು ಅದನ್ನು ತಳ ಕಾಣುವವರೆಗೆ ನುಂಗಿದೆ.

ಹುಡುಗಿ ಗಂಡನನ್ನು ಕರೆದುಕೊಂಡು ಬಂದು ಪರಿಚಯ ಮಾಡಿಸಿದಳು. "ಥ್ಯಾಂಕ್ಸ್ ಸರ್" ಎಂದಳು. "ನೀವು ನೋಡದಿದ್ದರೆ ಎಲ್ಲರಿಗೂ ಹಾಳಾದ ವೈನ್ ಕೊಡ್ತಿದ್ದೆವು. ಅಪ್ಪ ತುಂಬ ಬೇಜಾರು ಮಾಡಿಕೊಂಡ್ರು. ಕೋಣೆಯಲ್ಲಿ ಸೆಕೆ ಇತ್ತು, ಸರಿಯಾಗಿ ಇಡಲಿಕ್ಕೆ ನನಗೆ ಗೊತ್ತಾಗಲಿಲ್ಲ, ನಿನ್ನ ಅಮ್ಮನದ್ದನ್ನು ನಾನೇ ಹಾಳು ಮಾಡಿದೆ ಅಂತ ಹೇಳ್ತಾ ಇದ್ರು."

ಅವಳು ನನಗೆ ಥ್ಯಾಂಕ್ಸ್ ಹೇಳಿದಳು. ನಾನು ಅವಳಿಗೆ ಶುಭಾಶಯ ಹೇಳಿದೆ. ನಾಚಿಕೆ ಎಂಬುದು ಮುಖ ಕೆಂಪಾಗುವಷ್ಟರಲ್ಲಿ ಮುಗಿಯುತ್ತದೆಂದು ತಿಳಿದಿದ್ದೆ. ಹಾಗಲ್ಲ. ಊಟಕ್ಕೆ ನಿಲ್ಲದೆ ಹೊರಟುಬಂದೆ.

ಮದುವೆ ಕಳೆದು ಹದಿನೈದು ದಿನಕ್ಕೆ ಒಬ್ಬನೇ ಮಡಂತ್ಯಾರಿಗೆ ಹೋದೆ. ಯಜಮಾನರು ಅಂಗಳದಲ್ಲಿ ಒಣಗಿದ ಕಾಳುಮೆಣಸು ರಾಶಿ ಮಾಡುತ್ತಿದ್ದರು. ಕೂರುವ ಮೊದಲೇ ಹೇಳಿಬಿಟ್ಟೆ, ಕೂತರೆ ಹೇಳಲಾರೆ ಎಂಬ ಭಯಕ್ಕೆ. ವೈನ್ ಕೆಟ್ಟಿರಲಿಲ್ಲ, ಬಹಳ ಚೆನ್ನಾಗಿತ್ತು, ಮಾವನ ಎದುರು ಹೇಳಲು ಹೆದರಿದೆ, ತಪ್ಪಾಯಿತು ಎಂದೆ. ಇನ್ನೊಂದು ಬಾಟಲಿ ಇದೆಯಲ್ಲ ಎಂದೆ.

"ಇಲ್ಲ ಸರ್" ಎಂದರು. "ಎರಡನ್ನೂ ಆವತ್ತೇ ತೆಂಗಿನ ಬುಡಕ್ಕೆ ಹಾಕಿದೆ. ಕೆಟ್ಟದ್ದನ್ನು ಅವಳ ಹೆಸರಲ್ಲಿ ಇಟ್ಟುಕೊಳ್ಳಲಿಕ್ಕೆ ಮನಸ್ಸು ಬರಲಿಲ್ಲ."

ಬೈಯುತ್ತಾರೆಂದು ನಿಂತೇ ಇದ್ದೆ. ಅವರು ಬೈಯಲಿಲ್ಲ. ಕೈಯಲ್ಲಿದ್ದ ಮೆಣಸನ್ನು ರಾಶಿಗೆ ಬಿಟ್ಟು, ಜಗಲಿಯ ಮೆಟ್ಟಿಲಲ್ಲಿ ಕೂತು, ನನಗೂ ಜಾಗ ತೋರಿಸಿದರು.

"ಹಾಗಾದರೆ ಅದು ಹಾಳಾಗಿರಲಿಲ್ಲ."

"ಇಲ್ಲ."

ನನ್ನ ಕಡೆ ತಿರುಗಿ ಕೇಳಿದರು. "ನಾನು ಒಂದು ಹನಿ ಬಾಯಿಗೆ ಹಾಕಲಿಲ್ಲ. ಮಗಳೂ ಇಲ್ಲ. ನೋಡಿದವರು ನೀವು ಒಬ್ಬರೇ. ಹೇಗಿತ್ತು ಸರ್? ಹೇಳಿ."

ಬಣ್ಣ ಹೇಳಿದೆ, ಅಂಚಿನ ಇಟ್ಟಿಗೆ ಕೆಂಪನ್ನು ಹೇಳಿದೆ. ಪುನರ್ಪುಳಿ ಸಿಪ್ಪೆ ಹೇಳಿದೆ, ಲವಂಗ ಹೇಳಿದೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

"ರುಚಿ?"

ರುಚಿ ನನಗೆ ನೆನಪಿರಲಿಲ್ಲ. ಅದು ನನ್ನ ನಾಲಿಗೆಯ ಮೇಲಿದ್ದದ್ದು ಎರಡು ಉಸಿರಿನಷ್ಟು ಹೊತ್ತು, ಆ ಎರಡು ಉಸಿರೂ ನನ್ನ ಕಣ್ಣು ಮಾವನ ಮುಖದ ಮೇಲಿತ್ತು. ಚೆನ್ನಾಗಿತ್ತು ಎಂಬುದಷ್ಟೇ ಗೊತ್ತು. ಹೇಗೆ ಚೆನ್ನಾಗಿತ್ತೆಂದು ಬಡಿದು ಕೇಳಿದರೂ ಹೇಳಲಾರೆ. ಆದರೆ ಈ ಮನುಷ್ಯನಿಗೆ ನೆನಪಿಲ್ಲ ಎಂದು ಹೇಗೆ ಹೇಳಲಿ? ಮುಂಬಯಿಯಲ್ಲಿ ಕಂಡವರ ಬಾಟಲಿಗಳಿಗೆ ಹೇಳುತ್ತಿದ್ದ ಮಾತುಗಳು ನನ್ನಲ್ಲಿ ಬೇಕಾದಷ್ಟಿದ್ದವು. ಅವುಗಳನ್ನೇ ಹೇಳಿದೆ. ಮೊದಲು ತೆಳುವಾದ ಸಿಹಿ, ಆಮೇಲೆ ಹದವಾಗಿ ಇಳಿದ ಒಗರು, ನುಂಗಿದ ಮೇಲೂ ಗಂಟಲಲ್ಲಿ ಬಹಳ ಹೊತ್ತು ಉಳಿಯುವ ಬಿಸುಪು. ನುಂಗಿದ ಮೇಲೂ ಎಂದೆ, ಉಗಿದವನು.

ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. "ಹೌದು ಸರ್, ಸರಿಯಾಗಿ ಹೇಳಿದ್ರಿ. ಅವಳ ಕೈಯದ್ದು ಹಾಗೆಯೇ" ಎಂದರು. ಆಮೇಲೆ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡು, "ಇನ್ನೊಮ್ಮೆ ಹೇಳಿ" ಎಂದರು.

ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಮಾತು ಮತ್ತೂ ಸಲೀಸಾಗಿ ಬಂತು.