ಪರ್ಮಿಟ್‌ನಲ್ಲಿ ನನ್ನ ಹೆಸರು

ಪೆರೇಸಂದ್ರದ ನಮ್ಮ ಮನೆ ಹತ್ತಿರ ಹಾದುಹೋಗುವ ಹೆದ್ದಾರಿ ಎಲ್ಲಿಗೆ ಮುಟ್ಟುತ್ತದೆ ಎಂದು ನಾನು ನಲವತ್ತು ವರ್ಷ ಯೋಚಿಸಿರಲಿಲ್ಲ. ನನ್ನ ಮಟ್ಟಿಗೆ ಅದು ಈ ಕಡೆ ಬೆಂಗಳೂರಿಗೆ, ಆ ಕಡೆ ಬಾಗೇಪಲ್ಲಿಗೆ ಹೋಗುತ್ತಿತ್ತು, ಅಷ್ಟೆ. ಅದೇ ರಸ್ತೆ ಕರ್ನೂಲು, ಹೈದರಾಬಾದು, ನಾಗಪುರ ದಾಟಿ ಮಧ್ಯಪ್ರದೇಶದ ಪೆಂಚ್ ಕಾಡಿಗೇ ಹೋಗುತ್ತದೆ ಎಂದು ತೋರಿಸಿಕೊಟ್ಟವನು ನನ್ನ ಗೆಳೆಯ. ಸ್ಟಾಫ್ ರೂಮಿನ ಭೂಪಟದ ಮೇಲೆ ಬೆರಳಿಟ್ಟು, “ನಿಮ್ಮನೆ ಬಾಗ್ಲಲ್ಲಿ ಗಾಡಿ ಸ್ಟಾರ್ಟ್ ಮಾಡಿದ್ರೆ ಹುಲಿ ಬಾಗ್ಲಲ್ಲಿ ಆಫ್ ಮಾಡ್ಬೌದು ಕಣೋ,” ಎಂದಿದ್ದ.

ನಾವಿಬ್ಬರೂ ಚಿಂತಾಮಣಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಮೇಷ್ಟ್ರುಗಳು. ನಾನು ಗಣಿತ, ಅವನು ಸಮಾಜ. ನಮ್ಮದು ತಲೆತಲಾಂತರದಿಂದ ಜಮೀನಿರುವ ಮನೆ. ಅವನದು ತಾತನ ಕಾಲದವರೆಗೆ ಊರಾಚೆಯ ಕೇರಿಯಲ್ಲಿದ್ದು, ಅಪ್ಪನ ಕಾಲಕ್ಕೆ ಬೌದ್ಧರಾಗಿ, ಓದಿ, ಶಿಡ್ಲಘಟ್ಟದಲ್ಲಿ ಮನೆ ಕಟ್ಟಿಕೊಂಡ ಕುಟುಂಬ. ಭಾನುವಾರಗಳಂದು ನಾನು ಆ ಮನೆಗೆ ಹೋಗುತ್ತಿದ್ದೆ. ಅವನ ಹೆಂಡತಿ ಮಾಡಿದ ಅವರೆಕಾಳಿನ ಉಪ್ಪಿಟ್ಟು ತಿನ್ನುತ್ತಾ ದಾರಿಯ ಲೆಕ್ಕಾಚಾರ ಹಾಕುತ್ತಿದ್ದೆವು. ಅಲ್ಲಿ ಕೂತು ಉಣ್ಣುತ್ತೇನೆ ಎಂಬುದೇ ನನಗೊಂದು ಹೆಮ್ಮೆಯಾಗಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವನು ನಮ್ಮ ಮನೆಗೆ ಬಂದರೆ ಗಾಡಿಯಿಂದ ಇಳಿಯುತ್ತಲೇ ಇರಲಿಲ್ಲ. “ಲೇಟಾಯ್ತಪ್ಪ, ಬರ್ತೀನಿ,” ಎನ್ನುತ್ತಿದ್ದ. ಒಳಗೆ ಬಾ ಎಂದು ನಾನೂ ಒಂದಕ್ಕಿಂತ ಹೆಚ್ಚು ಸಲ ಕರೆದವನಲ್ಲ.

ಬೈಕುಗಳಲ್ಲಿ ಪೆಂಚ್‌ಗೆ ಹೋಗಲು ಒಂದು ವರ್ಷ ತಯಾರಿ ಮಾಡಿದೆವು. ಮಾಡಿದೆವು ಎನ್ನುವುದು ತಪ್ಪು, ಮಾಡಿದವನು ಅವನೇ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಯಾವ ಊರಿನ ಆಚೆ ಪೆಟ್ರೋಲ್ ಬಂಕು ದೂರ, ಎಲ್ಲಿ ಮೆಕ್ಯಾನಿಕ್ ಸಿಗುತ್ತಾನೆ, ಯಾವ ಹೊತ್ತಿಗೆ ಹೈದರಾಬಾದಿನ ಹೊರವರ್ತುಲ ರಸ್ತೆ ಸೇರಬೇಕು, ಎಲ್ಲ ಬರೆದಿದ್ದ. ಟ್ಯೂಬು ಬಿಚ್ಚಿ ಪಂಕ್ಚರ್ ಹಾಕುವುದನ್ನು ನನಗೆ ಕಲಿಸಿದ್ದೂ ಅವನೇ. ಆಗಸ್ಟಿನಲ್ಲಿ ಒಂದು ದಿನ ಎರಡು ಗಾಡಿಗೂ ಪೂರ್ತಿ ಲಗೇಜು ಕಟ್ಟಿಸಿ, ಸ್ಕಂದಗಿರಿಯ ತಪ್ಪಲಿನಿಂದ ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರೋಣ ಎಂದ. ಮಂಚೇನಹಳ್ಳಿ ಬಸ್‌ಸ್ಟ್ಯಾಂಡಿನ ಮುಂದೆ ನನ್ನ ಗಂಟು ಸಡಿಲವಾಗಿ ಚೀಲ ರಸ್ತೆಗೆ ಬಿತ್ತು. ಹೂವು ಮಾರುವ ಹೆಂಗಸರು ನಕ್ಕರು. ಅವನು ನಗದೆ ಇಳಿದು ಬಂದು ಹಗ್ಗ ಬಿಚ್ಚಿ ಮತ್ತೆ ಕಟ್ಟಿ, “ಇದು ಇಲ್ಲೇ ಬಿದ್ದಿದ್ದು ಒಳ್ಳೇದಾಯ್ತು,” ಎಂದ.

ದಸರಾ ರಜೆಗೆ ಹೊರಡುವುದೆಂದಾಯಿತು. ಕಾಡಿನೊಳಗೆ ಹೋಗುವ ಜೀಪಿಗೆ ಮೊದಲೇ ಪರ್ಮಿಟ್ ತೆಗೆಯಬೇಕು. ಅವನು ಇಬ್ಬರ ಹೆಸರಿನಲ್ಲೂ ತೆಗೆದ. ನನ್ನದು ಮೊದಲು, ಅವನದು ಆಮೇಲೆ.

ನೋಟ್‌ಬುಕ್ಕಿನಲ್ಲಿ ಮೊದಲ ರಾತ್ರಿಯ ತಂಗುವಿಕೆ ಕರ್ನೂಲಿನ ಲಾಡ್ಜಿನಲ್ಲಿತ್ತು. “ನಮ್ಮಕ್ಕನ ಮನೆ ದಾರೀಲೇ, ಕರ್ನೂಲಿಗೆ ಮುಂಚೆ ಡೋನ್ ಹತ್ರಾನೇ ಇದೆ, ಲಾಡ್ಜ್ ಯಾಕೋ?” ಎಂದು ನಾನು ಎರಡು ಮೂರು ಸಲ ಕೇಳಿದ್ದೆ. “ಯಾರಿಗೂ ತೊಂದ್ರೆ ಬೇಡಪ್ಪ,” ಎಂದು ಪುಟ ತಿರುಗಿಸುತ್ತಿದ್ದ.

ಅವನು ಯಾಕೆ ಪುಟ ತಿರುಗಿಸುತ್ತಿದ್ದ ಎಂದು ನನಗೆ ತಿಳಿದದ್ದು ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮನೆಗೆ ಬಂದಾಗ. ನಾನು ಪ್ರವಾಸದ ಬಗ್ಗೆ ಜಂಬ ಕೊಚ್ಚಿದೆ. ಭಾವ ಹೊಸದಾಗಿ ದೊಡ್ಡ ಗಾಡಿ ತೆಗೆದುಕೊಂಡಿದ್ದರು. “ಏಮಯ್ಯಾ ಬಾಮ್ಮರ್ದಿ, ನಮ್ಮೂರ ಮುಂದೇನೇ ಹೋಗ್ತೀಯ, ನನ್ನ ಬಿಟ್ಟು ಹೋಗ್ತೀಯಾ?” ಎಂದು ತಮ್ಮ ತೆಲುಗು ಬೆರೆಸಿ ಕೇಳಿದರು. ಬನ್ನಿ ಎಂದೆ. ಎರಡು ರಾತ್ರಿ ತಮ್ಮ ಮನೆಯಲ್ಲಿ ಇದ್ದು ಹೊರಡೋಣ ಎಂದು ಅವರೇ ತೀರ್ಮಾನಿಸಿದರು. ಆಮೇಲೆ ಕೇಳಿದರು, “ಆ ಮೇಷ್ಟ್ರು ಯಾರ ಪೈಕಿ?”

ಹೇಳಿದೆ.

ಭಾವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೋ ಏನೋ. ಕಾಫಿ ಲೋಟ ಕೆಳಗಿಟ್ಟು ಬಹಳ ಮೃದುವಾಗಿ, “ನನಗೇನೂ ಇಲ್ಲಪ್ಪ. ಮನೇಲಿ ನಮ್ಮಮ್ಮ ಇದಾರೆ. ಆ ಮೇಷ್ಟ್ರಿಗೆ ಲಾಡ್ಜ್ ಮಾಡ್ಕೊಡೋಣ, ಬೆಳಿಗ್ಗೆ ರೋಡಲ್ಲಿ ಸೇರ್ಕೊಳ್ಲಿ. ನೀನೇ ನಯವಾಗಿ ಹೇಳ್ಬಿಡು,” ಎಂದರು. ನಾನು ಆಗಲಿ ಎಂದೆ. ಒಳಗಿನಿಂದ ನನ್ನ ಅಮ್ಮನೂ ಕೇಳಿಸಿಕೊಳ್ಳುತ್ತಿದ್ದಳು.

ಹೇಳಲೆಂದೇ ಶಿಡ್ಲಘಟ್ಟಕ್ಕೆ ಹೋದೆ. ಅವನು ಅಂಗಳದಲ್ಲಿ ಕೂತು ಎರಡು ಗಾಡಿಗೂ ಆಗುವಂತೆ ಕ್ಲಚ್ ಕೇಬಲ್ಲು, ಬಲ್ಬು, ಫ್ಯೂಸುಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಜೋಡಿಸುತ್ತಿದ್ದ. ಲಾಡ್ಜಿನ ಮಾತು ಬಾಯಿಗೆ ಬರಲಿಲ್ಲ. ಬಂದದ್ದು ಇನ್ನೊಂದು: “ಅಮ್ಮಂಗೆ ಹುಷಾರಿಲ್ಲ ಕಣೋ. ಡಾಕ್ಟ್ರು ಬಿಟ್ಟು ಹೋಗ್ಬೇಡ ಅಂದಿದಾರೆ. ಈ ಸಲ ಆಗಲ್ಲ.”

ಅವನು ತಕ್ಷಣ ಎದ್ದು ನಿಂತ. “ಕಾಡು ಎಲ್ಲೂ ಹೋಗಲ್ಲ ಬಿಡು. ಮೊದ್ಲು ಅಮ್ಮನ್ನ ನೋಡ್ಕೋ. ಆಸ್ಪತ್ರೆಗೆ ಏನಾದ್ರೂ ಬೇಕಾದ್ರೆ ಫೋನ್ ಮಾಡು,” ಎಂದ. ಒಬ್ಬನೇ ಅಷ್ಟು ದೂರ ಹೋಗುವವನಲ್ಲ ಎಂದು ನಾನು ನಂಬಿದ್ದೆ. ದಸರಾ ರಜೆ ಬಿಟ್ಟರೆ ನನಗೆ ಬೇರೆ ದಿನಗಳೂ ಇರಲಿಲ್ಲ. ಭಾವನ ಜೊತೆ ಹೊರಡುವುದೆಂದುಕೊಂಡೆ. ಅವರು ಪೆಂಚ್‌ನ ಯಾರನ್ನೋ ಹಿಡಿದು, ಪರ್ಮಿಟ್‌ನಲ್ಲಿದ್ದ ಅದೇ ಬೆಳಿಗ್ಗೆಗೆ ಬೇರೆ ಜೀಪು ಗೊತ್ತುಮಾಡಿದರು. ಅವನು ದಾರಿ ಬರೆದಿದ್ದ ಪುಟಗಳ ಫೋಟೊಗಳು ನನ್ನ ಮೊಬೈಲಿನಲ್ಲಿದ್ದವು. ಅವನ್ನೇ ನೋಡಿಕೊಂಡು ಹೋದೆವು. ಅವನು ಬರೆದ ಬಂಕುಗಳೆಲ್ಲ ಬರೆದ ಜಾಗದಲ್ಲೇ ಇದ್ದವು.

ಪೆಂಚ್‌ನ ಗೇಟಿಗೆ ನಾವು ಹೋದಾಗ ಆಗತಾನೇ ಬೆಳಕು ಹರಿಯುತ್ತಿತ್ತು. ಜೀಪುಗಳು ಸಾಲಾಗಿ ನಿಂತಿದ್ದವು. ನಮ್ಮ ಮುಂದಿನ ಜೀಪಿನಲ್ಲಿ ಹಸಿರು ಜರ್ಕಿನ್ ಹಾಕಿಕೊಂಡು ಒಬ್ಬನೇ ಕೂತಿದ್ದವನು ತಿರುಗಿ ನೋಡಿದ. ಅವನೇ.

ನಾನು ಇಳಿದೆ. ಯಾಕೆ ಇಳಿದೆನೋ ಗೊತ್ತಿಲ್ಲ. ಹತ್ತಿರ ಹೋಗಿ ನಿಂತೆ.

“ಅಮ್ಮ ಹೆಂಗಿದಾರೆ?” ಎಂದು ಕೇಳಿದ.

“ಪರವಾಗಿಲ್ಲ,” ಎಂದೆ. ನನ್ನ ಬಾಯಿ ಹಾಗೆಂದಿತು.

ಅಷ್ಟರಲ್ಲಿ ಗೇಟಿನವನು ಅವನ ಪರ್ಮಿಟ್ ಹಿಡಿದುಕೊಂಡು ಬಂದು ಹೆಸರು ಕೂಗಿದ. ಮೊದಲನೆಯದು ನನ್ನ ಹೆಸರು. ಅಪ್ಪನ ಹೆಸರು, ವಯಸ್ಸು ಸಮೇತ ಗಟ್ಟಿಯಾಗಿ ಓದಿದ. ಗೆಳೆಯ ನನ್ನ ಮುಖವನ್ನೇ ನೋಡುತ್ತಾ, “ಅವರು ಬಂದಿಲ್ಲ,” ಎಂದು ಹಿಂದಿಯಲ್ಲಿ ಹೇಳಿದ. ಗೇಟಿನವನು ನನ್ನ ಹೆಸರಿನ ಮೇಲೆ ಗೀಟು ಎಳೆದ. ಜೀಪು ಹೊರಟಿತು.

ವಾಪಸ್ ಬಂದು ಕೂತಾಗ ಭಾವ, “ಎವರು ಆಯನ?” ಎಂದರು. “ಪರಿಚಯದವರು,” ಎಂದೆ.

ನಮಗೆ ಹುಲಿ ಕಂಡಿತು. ಹೆಣ್ಣು ಹುಲಿ, ತೇಗದ ಮರಗಳ ನಡುವೆ ಯಾವ ಗಡಿಬಿಡಿಯೂ ಇಲ್ಲದೆ ನಡೆದು ಹೋಯಿತು. ಚೆನ್ನಾಗಿರಲಿಲ್ಲ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಭಾವ ತೆಗೆದ ವಿಡಿಯೊದಲ್ಲಿ ನಾನೂ ಬಾಯಿ ತೆರೆದು ನೋಡುತ್ತಿದ್ದೇನೆ.

ಶಾಲೆ ಶುರುವಾದಾಗ ಅವನು ಜಗಳವಾಡಲಿಲ್ಲ. “ಸರ್, ಒಂಬತ್ತನೇ ಕ್ಲಾಸಿಗೆ ನೀವು ಹೋಗ್ತೀರಾ?” ಎಂದು ಕೇಳಿದ. ಹತ್ತು ವರ್ಷ ಲೋ, ಕಣೋ ಎಂದವನ ಬಾಯಲ್ಲಿ ಸರ್ ಆದೆ. ಮೂರು ವಾರ ಅದನ್ನು ತಡೆದುಕೊಂಡು ಆಮೇಲೆ ಅವನ ಮನೆಗೆ ಹೋದೆ. ಕುರ್ಚಿ ಹಾಕಿದ. ಅವನ ಹೆಂಡತಿ ಹೊರಗೆ ಬರಲಿಲ್ಲ. ನಾನು ಭಾವನ ಮಾತು, ಲಾಡ್ಜಿನ ಮಾತು ಎಲ್ಲ ಹೇಳಿದೆ.

“ಲಾಡ್ಜಿನ ವಿಷ್ಯ ನನಗೆ ಮೊದ್ಲಿಂದ ಗೊತ್ತಿರೋದೇ ಸರ್. ಅದಕ್ಕೇ ಬರ್ದಿದ್ದೆ,” ಎಂದ. ಮತ್ತೆ ಹೇಳಿದ, “ಪರ್ಮಿಟ್ ಹಾಳಾಗುತ್ತಲ್ಲ, ನಾನೇ ಹೋಗ್ಬರಣ ಅಂತ ಹೊರಟೆ. ಹೋಗ್ತಾ ಅಮ್ಮನ್ನ ನೋಡ್ಕೊಂಡ್ ಹೋಗಣ ಅಂತ ನಿಮ್ಮನೆ ಹತ್ರ ನಿಲ್ಲಿಸ್ದೆ. ಅಮ್ಮ ಅಂಗಳದಲ್ಲಿ ರಾಗಿ ಕೇರ್ತಾ ಇದ್ರು. ನೀವು ನಿನ್ನೇನೇ ಹೊರಟ್ರಿ ಅಂದ್ರು. ವಾಪಸ್ ಬರಣ ಅಂತ ಅನ್ನಿಸ್ತು. ಆಮೇಲೆ, ನಾನ್ಯಾಕೆ ವಾಪಸ್ ಬರ್ಲಿ ಅಂತ ಅನ್ನಿಸ್ತು.”

ನಾನು ಎದ್ದು ಬಂದೆ. ಕ್ಷಮಿಸು ಎಂದೆನೋ ಇಲ್ಲವೋ ನೆನಪಿಲ್ಲ. ಅಂದಿದ್ದರೂ ಅದನ್ನು ಅವನು ಏನು ಮಾಡಿಕೊಳ್ಳಬೇಕಿತ್ತು?

ಮನೆಗೆ ಬಂದು ಅಮ್ಮನನ್ನು ಕೇಳಿದೆ, “ರಜೇಲಿ ನನ್ನ ಕೇಳ್ಕೊಂಡು ಯಾರಾದ್ರೂ ಬಂದಿದ್ರಾ?”

“ಹೂಂ ಕಣಪ್ಪ, ಶಿಡ್ಲಘಟ್ಟದ ಮೇಷ್ಟ್ರು. ಹುಷಾರಾಗಿದೀರಾ ಅಂದ್ರು. ನನಗೇನಾಗಿದೆ ಅಂದೆ. ಒಂದು ಚೀಲ ದಾಳಿಂಬೆ ಜಗಲಿ ಮೇಲಿಟ್ಟು ಹೋದ್ರು.”

“ಏನ್ ಮಾಡ್ದೆ ಅದನ್ನ?”

“ಹಸುಗೆ ಹಾಕ್ದೆ,” ಎಂದಳು ಅಮ್ಮ, ಕೈಯಲ್ಲಿದ್ದ ಕೆಲಸ ನಿಲ್ಲಿಸದೆ. ಯಾಕೆ ಎಂದು ಕೇಳುವ ಮುಖ ನನಗೆಲ್ಲಿತ್ತು?

ಮುಂದಿನ ವರ್ಗಾವಣೆಯಲ್ಲಿ ಅವನು ಗೌರಿಬಿದನೂರಿನ ಆಚೆಯ ಶಾಲೆಯೊಂದನ್ನು ಕೇಳಿ ತೆಗೆದುಕೊಂಡ. ಬೀಳ್ಕೊಡುಗೆಯ ದಿನ ಎಲ್ಲರಿಗೂ ಕೈ ಕೊಟ್ಟಂತೆ ನನಗೂ ಕೊಟ್ಟ. ಕಳೆದ ದಸರಾಕ್ಕೆ ಹೆಂಡತಿಯನ್ನು ಕೂರಿಸಿಕೊಂಡು ಇನ್ಯಾವುದೋ ಕಾಡಿಗೆ ಹೋಗಿದ್ದನಂತೆ. ಸ್ಟಾಫ್ ರೂಮಿನಲ್ಲಿ ಯಾರೋ ಹೇಳುತ್ತಿದ್ದರು. ಯಾವ ಕಾಡು ಎಂದು ತಿಳಿಯುವ ಮೊದಲೇ ಬೆಲ್ ಹೊಡೆಯಿತು, ನಾನು ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೋದೆ.