ಮೀನಿಗಾಗಿ ಹದಿನಾಲ್ಕು ಮೆಟ್ಟಿಲು

ಸೋಮವಾರ, ಬೆಳಗಿನ ನಾಲ್ಕೂವರೆ. ಅಮೆರಿಕದ ಸುಪೀರಿಯರ್ ಸರೋವರದ ಗಾಳಿಗೆ ಕಿಟಕಿಯ ಗಾಜು ಸಣ್ಣಗೆ ಅದುರುತ್ತಿದೆ. ಮಾರ್ಲಿಸ್ ಲಾಂಪಿ ಅಂಗಿಯ ತೋಳು ಮಡಚಿಕೊಂಡು ಮೀನಿನ ತೊಟ್ಟಿಗೆ ಕೊಳವೆ ಇಳಿಬಿಟ್ಟಿದ್ದಾರೆ. ಬಗ್ಗಡದ ನೀರು ಕೆಂಪು ಬಕೆಟ್ಟಿಗೆ ಇಳಿಯುತ್ತಿದೆ. ಬಕೆಟ್ಟು ತುಂಬಿದಂತೆಲ್ಲ ಅವರ ಗಂಡ ಆರ್ವಿಡ್ ಹದಿನಾಲ್ಕು ಮೆಟ್ಟಿಲು ಹತ್ತಿ, ಮಹಡಿಯ ಬಚ್ಚಲಿನ ಕಮೋಡಿಗೆ ಸುರಿದು ಬರುತ್ತಾರೆ.

"ಹಡಗಿಗೆ ಅದಿರು ತುಂಬೋ ಕೆಲಸದಲ್ಲೂ ಮಂಡಿ ಹೀಗೆ ನೋಯ್ತಿರಲಿಲ್ಲ ಮಾರಾಯ್ತಿ."

"ಗೊಣಗೋಕೆ ಉಸಿರಿದೆ ಅಂದ್ಮೇಲೆ ಇನ್ನೊಂದು ಬಕೆಟ್ಟಿಗೂ ಇರತ್ತೆ. ಹತ್ತು, ಹತ್ತು."

ಅವಸರಕ್ಕೆ ಕಾರಣವಿದೆ. ಆಸ್ಪತ್ರೆಯ ದಾದಿಯೊಬ್ಬರು ಕೆಲಸಕ್ಕೆ ಹೋಗುವ ಮುನ್ನ, ಐದೂ ನಲವತ್ತಕ್ಕೆ, ತಮ್ಮ ಮಗುವನ್ನು ಇಲ್ಲಿ ತಂದು ಬಿಡುತ್ತಾರೆ. ಮನೆಯೊಳಗೆ ಒಂದೇ ಒಂದು ಮಗುವಿದ್ದರೂ ನೀರು ತುಂಬಿದ ಬಕೆಟ್ಟು ನೆಲದ ಮೇಲಿರಕೂಡದು. ಅಂಬೆಗಾಲಿಡುವ ಕೂಸು ಅದರೊಳಗೆ ತಲೆಕೆಳಗಾಗಿ ಬಿದ್ದರೆ ತಾನಾಗಿ ಏಳಲಾರದು. ಹಾಗಾಗಿ ಈ ಮನೆಯ ಮೀನುಗಳಿಗೆ ಹೊಸ ನೀರು ಸಿಗುವುದು ಹೊತ್ತು ಮೂಡುವ ಮೊದಲೇ.

ಊರಿನ ಕಾಗದದ ಕಾರ್ಖಾನೆ ಮುಚ್ಚಿದಾಗ ಅಲ್ಲಿ ಕೆಲಸಕ್ಕಿದ್ದ ಮಾರ್ಲಿಸ್ ಪರವಾನಗಿ ಪಡೆದು ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳತೊಡಗಿದರು. ಅದಕ್ಕೀಗ ಇಪ್ಪತ್ತೊಂಬತ್ತು ವರ್ಷ. ದಿನಕ್ಕೆ ಹತ್ತು ಮಕ್ಕಳು, ಹನ್ನೆರಡು ತಾಸು. ಓಟ್ಸ್ ಗಂಜಿ, ಏಲಕ್ಕಿ ಬನ್ನು, ಮಧ್ಯಾಹ್ನದ ನಿದ್ದೆ. ಅವರಲ್ಲಿ ಆಡಿ ಬೆಳೆದ ಹುಡುಗಿಯರು ಈಗ ತಮ್ಮ ಮಕ್ಕಳನ್ನು ತಂದು ಬಿಡುತ್ತಿದ್ದಾರೆ. ತೊಟ್ಟಿ ಬಂದದ್ದು ಹನ್ನೊಂದು ವರ್ಷದ ಹಿಂದೆ, ಊರು ಬಿಟ್ಟು ಹೊರಟ ಮನೆಯವರೊಬ್ಬರಿಂದ. ತೊಟ್ಟಿಯ ಜೊತೆ ಪರವಾನಗಿಯ ನಿಯಮಗಳೂ ಬಂದವು: ಮೇಜನ್ನು ಗೋಡೆಗೆ ಬಿಗಿಯಬೇಕು, ವೈರು ಮಕ್ಕಳ ಕೈಗೆ ಸಿಗಬಾರದು, ಮುಚ್ಚಳ ಭದ್ರವಾಗಿರಬೇಕು, ಮೀನಿನ ನೀರು ಅಡುಗೆಮನೆಯತ್ತ ಸುಳಿಯಬಾರದು.

ಮಾರ್ಲಿಸ್ ಸಿಕ್ಕಿಬಿದ್ದದ್ದು ಈ ಕೊನೆಯದರಲ್ಲಿ. ಕಳೆದ ವರ್ಷ ಆರ್ವಿಡ್ ಜ್ವರದಿಂದ ಮಲಗಿದ್ದ ದಿನ ಅವರು ಒಂದು ಬಕೆಟ್ಟು ನೀರನ್ನು ಪಾತ್ರೆ ತೊಳೆಯುವ ಸಿಂಕಿಗೆ ಸುರಿದರು. ಹೇಳದೆ ಕೇಳದೆ ಬಂದ ಪರವಾನಗಿ ಅಧಿಕಾರಿ ಡೆನೀಸ್ ಪ್ರೊಕಾಪ್ ಸಿಂಕಿನಲ್ಲಿ ಪಾಚಿ ಕಂಡು ತಪ್ಪಿನ ಕಾಗದ ಬರೆದರು. ಆ ಕಾಗದವನ್ನು ಎಲ್ಲ ತಂದೆತಾಯಿಗಳಿಗೂ ಕಾಣುವಂತೆ ಬಾಗಿಲ ಬಳಿ ಅಂಟಿಸಬೇಕು. ಇದೇ ತಪ್ಪು ಮತ್ತೆ ಕಂಡರೆ ತೊಟ್ಟಿಯನ್ನು ತೆಗೆಸುವುದಾಗಿಯೂ ಅದರಲ್ಲಿತ್ತು.

"ಇಷ್ಟು ವರ್ಷದಲ್ಲಿ ಮೊದಲನೇ ಕಾಗದ. ಅದನ್ನ ಓದ್ತಾ ನಿಂತವರ ಮುಖ ನೋಡೋಕೆ ಆಗ್ತಿರಲಿಲ್ಲ" ಎನ್ನುತ್ತಾರೆ ಮಾರ್ಲಿಸ್.

ಭಯಕ್ಕೆ ಬಿದ್ದು ಅವರು ಎಲ್ಲವನ್ನೂ ಉಜ್ಜತೊಡಗಿದರು. ಆಟಿಕೆಗೆ, ಮೇಜಿಗೆ ಕ್ರಿಮಿ ಕೊಲ್ಲುವ ಬ್ಲೀಚ್ ನೀರು ಹಚ್ಚುವುದು ಇಂಥ ಮನೆಗಳಲ್ಲಿ ದಿನದ ರೂಢಿ. ಅದೇ ರೂಢಿಯ ಕೈ ಮೀನಿನ ಬಕೆಟ್ಟನ್ನೂ ಬ್ಲೀಚಿನಲ್ಲಿ ತೊಳೆದು, ಅದರಲ್ಲೇ ತೊಟ್ಟಿಗೆ ಹೊಸ ನೀರು ತುಂಬಿತು. ಮರುದಿನ ಐದು ಮೀನುಗಳಲ್ಲಿ ನಾಲ್ಕು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದದ್ದು ಪ್ಯಾನ್‌ಕೇಕ್ ಎಂಬ ಮುದಿ ಚಿನ್ನದ ಮೀನು ಮಾತ್ರ.

"ಮಕ್ಕಳು ಬರೋದ್ರೊಳಗೆ ಅದೇ ಬಣ್ಣದ್ದು ತಂದು ಬಿಟ್ಬಿಡಿ ಅಂದ್ರು ಒಬ್ಬರು. ನನ್ನ ಕೈಲಿ ಆಗಲಿಲ್ಲ. ನನ್ನಿಂದ ತಪ್ಪಾಯ್ತು ಮಕ್ಕಳೇ ಅಂತ ಹೇಳ್ದೆ. ಎಲ್ರೂ ಸೇರಿ ಹಿತ್ತಲಲ್ಲಿ ಹೂತ್ವಿ."

ಅಂದಿನಿಂದ ಬ್ಲೀಚಿಗೆ ನೀಲಿ ಬಕೆಟ್ಟು, ಮೀನಿಗೆ ಕೆಂಪು. ಒಂದು ನೆಲಮಾಳಿಗೆಯಲ್ಲಿ, ಇನ್ನೊಂದು ಮಹಡಿಯಲ್ಲಿ.

ಕಳೆದ ಗುರುವಾರ ಬೆಳಗಿನ ಏಳು ಗಂಟೆಗೆ ಡೆನೀಸ್ ಮತ್ತೆ ಬಂದರು. ವೈರು ನೋಡಿದರು, ಮುಚ್ಚಳ ಎಳೆದು ನೋಡಿದರು, ಸಿಂಕಿನ ತೂತಿಗೆ ಟಾರ್ಚು ಬಿಟ್ಟರು. ಮಾರ್ಲಿಸ್ ಬನ್ನಿಗೆ ಬೆಣ್ಣೆ ಸವರುತ್ತಲೇ ಇದ್ದರು. ಸವರಿದ್ದಕ್ಕೇ ಮತ್ತೆ ಸವರುತ್ತಿದ್ದರು.

"ಒಂದು ಮಾತು ಕೇಳ್ಲಾ ಮಾರ್ಲಿಸ್ ಅವ್ರೇ? ಮೀನಿಲ್ದೆ ಇದ್ರೆ ನಿಮ್ಮ ಅರ್ಧ ತಲೆನೋವು ಇರಲ್ಲ. ಪ್ಲಾಸ್ಟಿಕ್ ಮೀನು ಸಿಗತ್ತೆ, ಲೈಟು ಹಾಕಿದ್ರೆ ಅದೂ ಈಜತ್ತೆ."

"ಅದಕ್ಕೆ ಊಟ ಹಾಕೋದು ಮರೆತ್ರೂ ಏನೂ ಆಗಲ್ಲವಲ್ಲ ತಾಯಿ" ಎಂದರು ಮಾರ್ಲಿಸ್. "ಆಮೇಲೆ ಮಕ್ಕಳು ಮರೆಯೋದನ್ನೇ ಕಲೀತಾರೆ."

ಅಷ್ಟರಲ್ಲಿ ಆ ದಿನ ಮೀನಿಗೆ ಊಟ ಹಾಕುವ ಸರದಿಯಿದ್ದ ನಾಲ್ಕು ವರ್ಷದ ಸೋರೆನ್, ಅದನ್ನು ಹಾಕಿ ಮುಗಿಸಿ, ಅಂಟಂಟು ಕೈ ಚಾಚಿಕೊಂಡು ನೇರ ಅಡುಗೆಮನೆಯ ಸಿಂಕಿನತ್ತ ಓಡಿದ. ಮಾರ್ಲಿಸ್ ಕೈಯ ಚಾಕು ಗಾಳಿಯಲ್ಲೇ ನಿಂತಿತು. ಡೆನೀಸ್ ಪೆನ್ನಿನ ಮುಚ್ಚಳ ತೆಗೆದರು.

"ಏಯ್, ಅಲ್ಲಲ್ವೋ ಪೆದ್ದ!" ಕೀರಲು ದನಿ ಮೂರು ವರ್ಷದ ಇಂಗ್ರಿಯದು. ಎರಡೂ ಕೈ ಅಗಲಿಸಿ ಸಿಂಕಿಗೆ ಅಡ್ಡ ನಿಂತಿದ್ದಾಳೆ. "ಇದು ಊಟದ ಸಿಂಕು. ಮೀನಿನ ಕೈ ಬಚ್ಚಲಲ್ಲಿ ತೊಳೀಬೇಕು. ಸೋಪು ಹಾಕಿ!"

"ನಂಗೊತ್ತು ಕಣೇ."

"ಗೊತ್ತಿದ್ರೆ ಹೋಗು ಮತ್ತೆ!"

ಸೋರೆನ್ ಹೋದ. ಸರಿಯಾಗಿ ತೊಳೆದನೋ ಇಲ್ಲವೋ ನೋಡಲು ಇಂಗ್ರಿಯೂ ಅವನ ಹಿಂದೆ ಹೋದಳು. ಡೆನೀಸ್ ನಗು ತಡೆಯಲಾರದೆ ಗೋಡೆಗೊರಗಿದರು. ಆಮೇಲೆ ಕಾಗದದಲ್ಲಿ ಬರೆದರು: ತಪ್ಪು ಯಾವುದೂ ಇಲ್ಲ, ತೊಟ್ಟಿ ಇರಬಹುದು.

ಮಾರ್ಲಿಸ್‌ಗೆ ಈಗಿರುವುದು ಒಂದೇ ಆಸೆ. ಪ್ಯಾನ್‌ಕೇಕಿಗೆ ಜೊತೆಯಾಗಿ ಇನ್ನೆರಡು ಮೀನು ತರಬೇಕು. ಇಷ್ಟು ದಿನ ಆ ಧೈರ್ಯ ಇರಲಿಲ್ಲ. "ಎರಡೇ. ಮೂರನೇದು ತಂದ್ರೆ ನೀರು ನೀನೇ ಹೊರು" ಎಂದು ಆರ್ವಿಡ್ ಈಗಲೇ ಹೇಳಿಟ್ಟಿದ್ದಾರೆ.

ಇಂಗ್ರಿಯ ಮಾತು ಬಂದಾಗ ಮಾರ್ಲಿಸ್ ಕೊಳವೆ ಸುತ್ತಿಡುತ್ತಿದ್ದಾರೆ.

"ಅವಳು ಬಂದು ಆರು ವಾರ ಆಯ್ತಷ್ಟೇ. ಸಿಂಕಿನ ವಿಷ್ಯ ನಾನು ಅವಳಿಗೆ ಹೇಳೇ ಇರಲಿಲ್ಲ. ಉಳಿದ ಮಕ್ಕಳನ್ನ ನೋಡಿ ಕಲ್ತಿದ್ದಾಳೆ."