ಬಲ ಅಂಗೈಯ ಲಿಂಗ

ನಮ್ಮ ಅಕ್ಕ ಸ್ನಾನವಾಗದೆ ಲಿಂಗಪೂಜೆ ಮಾಡುವವಳಲ್ಲ, ಪೂಜೆಯಾಗದೆ ಬಾಯಿಗೆ ತುತ್ತು ಇಡುವವಳೂ ಅಲ್ಲ. ಜ್ವರ ಬರಲಿ, ಮದುವೆ ಇರಲಿ, ಈ ಕಾನೂನಿಗೆ ತಿದ್ದುಪಡಿ ಆದದ್ದಿಲ್ಲ. ಗಂಡ ತೀರಿಕೊಂಡ ಮೇಲೆ ಕಮಲಾಪುರದ ನನ್ನ ಮನೆಗೆ ಬಂದವಳು ಅಡುಗೆಮನೆ, ದೇವರ ಜಗಲಿ ಮತ್ತು ನನ್ನನ್ನು ಒಂದೇ ವಾರದಲ್ಲಿ ವಶಪಡಿಸಿಕೊಂಡಳು. ನಾನು ನಿವೃತ್ತ ಮಾಸ್ತರ, ಹೆಂಡತಿ ಇಲ್ಲದವನು. ಯಾರಾದರೂ ಆಳಿದರೆ ಸಾಕು ಎಂಬಂತಿದ್ದೆ.

ಹೋದ ಬೇಸಿಗೆಯಲ್ಲಿ ಅವಳ ಸೊಂಟದ ಎಲುಬು ಮುರಿಯಿತು. ಆಪರೇಶನ್ ಆದ ಮೇಲೆ ಅವಳನ್ನು ಎತ್ತಿ ಕೂರಿಸುವುದು ನನ್ನೊಬ್ಬನಿಂದ ಆಗದ ಕೆಲಸವಾಯಿತು. ಕಲಬುರಗಿಯಲ್ಲಿ, ಶರಣಸಿರಸಗಿ ಕಡೆಯ ಹೊಸ ಲೇಔಟಿನಲ್ಲಿ ಒಂದು ವೃದ್ಧಾಶ್ರಮವಿತ್ತು. ನಡೆಯುವಂತಾಗುವವರೆಗೆ ಎಂದು ಅಲ್ಲಿ ಬಿಟ್ಟೆ. ಗೇಟಿನ ಮೇಲೆ ‘ಹಿರಿಯರೇ ದೇವರು’ ಎಂದು ಬರೆದಿತ್ತು, ಕೆಳಗೆ ದೊಡ್ಡದೊಂದು ಬೀಗ. ದೇವರಿಗೆ ಬೀಗ ಹಾಕುವುದು ನಮ್ಮಲ್ಲಿ ಹೊಸದೇನಲ್ಲವಲ್ಲ ಎಂದು ನನ್ನ ಜೋಕಿಗೆ ನಾನೇ ನಕ್ಕು ಬಂದೆ.

ವಾರವಾರ ಊರಿನ ಕೆಂಪು ಬಾಳೆಹಣ್ಣು ಹಿಡಿದು ಹೋಗುತ್ತಿದ್ದೆ. ಬಸ್ಸು ಮಹಾಗಾಂವ ದಾಟುವಷ್ಟರಲ್ಲಿ ಅವಳ ದೂರುಗಳಿಗೆ ಉತ್ತರ ಸಿದ್ಧವಾಗಿರುತ್ತಿತ್ತು. ಒಂದು ವಾರ ದೂರೇ ಬರಲಿಲ್ಲ.

“ಬ್ಯಾಳಿ ಹ್ಯಾಂಗ ಮಾಡ್ತಾರಕ್ಕ?”

“ಛಲೋ ಮಾಡ್ತಾರ.”

ಪರರು ಮಾಡಿದ ಬೇಳೆಯನ್ನು ನಮ್ಮ ಅಕ್ಕ ಛಲೋ ಎಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮನೆಗೆ ಬಂದರೂ ಕೂತಲ್ಲಿ ಕೂರಲಾಗಲಿಲ್ಲ. ಪೇಪರ್ ಹಿಡಿದೆ, ಇಟ್ಟೆ. ಅಂಗಳಕ್ಕೆ ಹೋದೆ, ಬಂದೆ. ಮರುದಿನ ಮೊದಲ ಬಸ್ಸಿಗೇ ಹೊರಟೆ. ಭೇಟಿಗೆ ಮಧ್ಯಾಹ್ನ ಮಾತ್ರ ಬರಬೇಕೆಂಬ ನಿಯಮವನ್ನು, ಜೀವಮಾನವಿಡೀ ನಿಯಮ ಬೋಧಿಸಿದವನು, ಗೇಟಿನವನಿಗೆ ಬಾಳೆಹಣ್ಣು ಕೊಟ್ಟು ಮುರಿದೆ.

ಅಕ್ಕ ಮಂಚದ ಮೇಲೆ ಪೂಜೆಗೆ ಕೂತಿದ್ದಳು. ಲಿಂಗ ಬಲ ಅಂಗೈಯಲ್ಲಿತ್ತು. ನನಗೆ ಮೊದಲು ಬಂದದ್ದು ಸಿಟ್ಟು.

“ಇದ್ಯಾವ ಪದ್ಧತಿ ಅಕ್ಕ? ಲಿಂಗ ಎಡಗೈದಾಗ ಇರಬೇಕಂತ ನನಗ ಹೊಡೆದು ಕಲಿಸಿದಾಕಿ ನೀನೇ ಅಲ್ಲೇನು?”

ಅವಳ ಎಡಗೈ ಸೆರಗಿನೊಳಗಿತ್ತು. ಸೆರಗು ಸರಿಸಿದೆ. ಮಣಿಕಟ್ಟು ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಬೆರಳುಗಳ ಗುರುತು.

“ಜಾರಿ ಬಿದ್ದೆ.”

“ನೆಲಕ್ಕ ಬೆರಳು ಇರ್ತಾವೇನು?”

ಅಕ್ಕ ಬಾಗಿಲ ಕಡೆ ನೋಡಿದಳು. “ಮೆಲ್ಲಗ ಮಾತಾಡು. ಪೂಜಿ ಆಗೋತನಕ ಉಪ್ಪಿಟ್ಟು ಒಲ್ಲೆ ಅಂದೆ. ಎಲ್ಲಾರ ತಾಟು ಒಮ್ಮೆಲೇ ತೊಳಿಬೇಕಂತ ಇಲ್ಲಿ ಊಟ ಕೊಡೋ ಆಯಾಗ. ಕೈ ತಿರುವಿ ಬಾಯಾಗ ತುರುಕಿದಳು. ಬಾಜೂ ಮಂಚದಾಕಿಗಿ ಸೌಟಿಲೆ ಹೊಡೀತಾಳ. ನಂದು ಕೈ ಅಷ್ಟ.”

“ಮ್ಯಾನೇಜರಗ ಈಗೇ ಕೇಳ್ತೀನಿ.”

“ಬ್ಯಾಡ ತಮ್ಮಾ. ನೀ ಕೇಳಿ ಬಸ್ ಹತ್ತಿ ಹೋಗ್ತಿ. ನಾ ಇಲ್ಲೇ ಇರಾಕಿ.”

ಅದಕ್ಕೆ ಒಂದೇ ಉತ್ತರವಿತ್ತು, ಅವಳನ್ನು ಬಿಟ್ಟು ಬಸ್ ಹತ್ತದಿರುವುದು. ಮ್ಯಾನೇಜರ್ ಬಹಳ ವಿನಯವಂತ. “ವಯಸ್ಸಾದವರ ಚರ್ಮ ರೀ ಸರ್, ಮುಟ್ಟಿದ್ರ ಕಪ್ಪಾಗ್ತದ. ನಾಳಿ ಬರ್ರಿ, ಕೂತು ಮಾತಾಡೋಣು.”

“ನಾಳಿತನಕ ಇಲ್ಲೇ ಕೂತಿರ್ತೀನ್ರಿ” ಎಂದು ಅವನ ಎದುರಿನ ಕುರ್ಚಿಯಲ್ಲಿ ಸ್ಥಾಪಿತನಾದೆ. ಬಂದ ಪ್ರತಿಯೊಬ್ಬರಿಗೂ ನಮಸ್ಕಾರ ಹೇಳಿ, ಕೂತ ಕಾರಣವನ್ನೂ ಹೇಳತೊಡಗಿದೆ. ಸ್ವಲ್ಪ ಹೊತ್ತಿನಲ್ಲೇ ಅಕ್ಕನನ್ನು ಕರೆದೊಯ್ಯಲು ಅವನೇ ಗಾಡಿ ತರಿಸಿದ. ಹೊರಡುವಾಗ ಪಕ್ಕದ ಮಂಚದ ಮುದುಕಿ ನನ್ನ ಧೋತರದ ಚುಂಗು ಹಿಡಿದಳು. “ನನಗ ಯಾರು ಒಯ್ತಾರ?” ಎಂದಳು, ಬಸ್ ಎಷ್ಟಕ್ಕೆ ಎಂದು ಕೇಳುವ ದನಿಯಲ್ಲಿ.

ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಎಲುಬು ಸೀಳಿದ್ದು ಕಂಡಿತು. ಠಾಣೆಯಲ್ಲಿ ಅಕ್ಕನ ಹೆಸರಿನಲ್ಲೂ ಆ ಮುದುಕಿಯ ಹೆಸರಿನಲ್ಲೂ ದೂರು ಕೊಟ್ಟೆ. ಪೊಲೀಸರು ಹೋಗಿ ಬಂದರು. ಮುದುಕಿಯ ಮಗಳು ಬಂದು ಕರೆದೊಯ್ದಳಂತೆ. ಆಯಾ ಕೆಲಸ ಬಿಟ್ಟು ಇನ್ನೊಂದು ಕಡೆ ಸೇರಿದ್ದಾಳಂತೆ. ಎಲ್ಲಿ ಎಂದರೆ ಯಾರಿಗೂ ಗೊತ್ತಿಲ್ಲ. ಆ ‘ಇನ್ನೊಂದು ಕಡೆ’ ನನ್ನನ್ನು ಕೂರಗೊಡುವುದಿಲ್ಲ.

ಈಗ ಅಕ್ಕ ಮನೆಯಲ್ಲಿದ್ದಾಳೆ. ಓಣಿಯ ಹೆಣ್ಣುಮಕ್ಕಳು ಪಾಳಿಯಲ್ಲಿ ಬಂದು ಎತ್ತಿ ಕೂರಿಸುತ್ತಾರೆ, ಸ್ನಾನ ಮಾಡಿಸುತ್ತಾರೆ. ಪ್ಲಾಸ್ಟರ್ ತೆಗೆದಾಗಿದೆ, ಲಿಂಗ ಎಡ ಅಂಗೈಗೆ ಮರಳಿದೆ. ಆದರೆ ಈ ಮನೆಯ ಕಾನೂನು ಬರೆದವಳು ಮುಂಜಾನೆ ನನ್ನ ಮುಖ ನೋಡುತ್ತಾಳೆ.

“ತಮ್ಮಾ, ಮೊದಲ ಪೂಜಿ ಮಾಡ್ಕೊಳ್ಳೇನು?”

“ಸಂಜೀತನಕ ಮಾಡ್ಕೋ ಅಕ್ಕ. ತಾಟು ತೊಳ್ಯಾವ ನಾನೇ.”

ಬೇಳೆ ಮಾಡುವವನೂ ನಾನೇ. ಒಂದು ದಿನ ಉಪ್ಪು ಹಾಕುವುದಿಲ್ಲ, ಇನ್ನೊಂದು ದಿನ ಬೇಕೆಂದೇ ತಳ ಹತ್ತಿಸುತ್ತೇನೆ. ತಾಟು ಅವಳ ಮುಂದಿಟ್ಟು, ಬೈಗುಳಕ್ಕಾಗಿ ಅಲ್ಲೇ ಬಾಗಿಲಲ್ಲಿ ನಿಂತಿರುತ್ತೇನೆ.

ಅಕ್ಕ ಒಂದು ತುತ್ತು ತಿಂದು ನನ್ನ ಕೈಗಳನ್ನು ನೋಡುತ್ತಾಳೆ. “ಛಲೋ ಆಗ್ಯಾದ” ಅನ್ನುತ್ತಾಳೆ.